ವಿದ್ಯಾರ್ಥಿವೇತನವೂ ಮನೆಯ ಗುಟ್ಟೂ

‘ವಾರಾನ್ನ’ವೆಂಬ ಮಾತು ಇಂದಿನ ಮಕ್ಕಳ ಕಿವಿಗೆ ಅಪರಿಚಿತ. ಆದರೆ ಕೆಲವು ತಲೆಮಾರುಗಳ ಹಿಂದೆ ನಮ್ಮ ನಾಡಿನಲ್ಲಿ ಓದಿ ಮುಂದೆ ಬಂದ ಎಷ್ಟೋ ಮಂದಿ ವಕೀಲರೂ ಮೇಷ್ಟರುಗಳೂ ಅಮಲ್ದಾರರೂ ಆ ಅನ್ನವನ್ನುಂಡೇ ಬೆಳೆದವರು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ವಾರ ಉರುಳಿದಂತೆ ಊಟವೂ ಉರುಳುತ್ತಿತ್ತು. ಐದೇ ಮನೆ ದೊರೆತರೆ ಉಳಿದೆರಡು ದಿನ ನೀರು ಕುಡಿದು ಮಲಗಬೇಕು. ಈ ಆಸರೆಗೂ ಜಾತಿಯ ಗೋಡೆಯಿತ್ತು. ಗೋಡೆಯ ಹೊರಗಿದ್ದವರಲ್ಲಿ ಕೆಲವರಿಗೆ ಮಠಗಳ ದಾಸೋಹ, ಜನಾಂಗದ ಸಂಘಗಳು ಕಟ್ಟಿಸಿದ ಉಚಿತ ವಿದ್ಯಾರ್ಥಿನಿಲಯಗಳು ನೆರವಾದುವು. ಅವೂ ಇಲ್ಲದವರಿಗೆ ಓದೇ ಇರಲಿಲ್ಲ.

ವಾರಾನ್ನದ ಹುಡುಗನು ಹಣ ಕೊಡುತ್ತಿರಲಿಲ್ಲ, ನಿಜ. ಆದರೆ ಬೇರೊಂದು ಬೆಲೆಯನ್ನು ತೆರುತ್ತಿದ್ದನು. ತನ್ನ ಮನೆಯ ಬಡತನವನ್ನು ಏಳು ಮನೆಗಳ ಜಗಲಿಯ ಮೇಲೆ ಬಿಚ್ಚಿಡಬೇಕಾಗಿತ್ತು. ಅನ್ನವಿಕ್ಕಿದವರಲ್ಲಿಯೂ ಎರಡು ಬಗೆ. ತಮ್ಮ ಮಕ್ಕಳ ಪಂಕ್ತಿಯಲ್ಲಿಯೇ ಅವನಿಗೂ ಎಲೆ ಹಾಕಿ, ಒಂದು ಮಾತನ್ನೂ ಕೇಳದೆ ಬಡಿಸಿದ ಗೃಹಿಣಿಯರು ಒಂದು ಬಗೆ. ಬಂದ ನೆಂಟರೆದುರಿಗೆ, “ಇವನು ನಮ್ಮ ಮಂಗಳವಾರದ ಹುಡುಗ” ಎಂದು ಬೆರಳು ಮಾಡಿ ತೋರಿಸಿದ ಯಜಮಾನರು ಇನ್ನೊಂದು ಬಗೆ. ಹುಡುಗನು ಎರಡು ಮನೆಯಲ್ಲಿಯೂ ಉಂಡನು, ಎರಡನ್ನೂ ಮರೆಯಲಿಲ್ಲ. ನಮ್ಮ ಹಿರಿಯರು ಗುಪ್ತದಾನವೇ ಶ್ರೇಷ್ಠವೆಂದು ಹೇಳಿದುದು ಕೊಡುವವನ ಪುಣ್ಯಕ್ಕಾಗಿ ಮಾತ್ರವಲ್ಲ, ಪಡೆಯುವವನ ಮಾನಕ್ಕಾಗಿಯೂ ಹೌದು.

ಈಗ ಏಳು ಮನೆಗಳ ಸ್ಥಾನದಲ್ಲಿ ಸರ್ಕಾರವಿದೆ, ಜಗಲಿಯ ಸ್ಥಾನದಲ್ಲಿ ಗಣಕಯಂತ್ರವಿದೆ. ಅನ್ನದ ಬದಲು ವಿದ್ಯಾರ್ಥಿವೇತನ ಬ್ಯಾಂಕಿನ ಖಾತೆಗೆ ಬಂದು ಬೀಳುತ್ತದೆ. ಹಾಗಾದರೆ ಆ ಹಳೆಯ ಬೆಲೆ ಇಲ್ಲವಾಯಿತೆ? ನೆರವು ಬೇಕೆನ್ನುವ ಮಗು ಈಗಲೂ ಮನೆಯ ಗುಟ್ಟನ್ನು ಒತ್ತೆಯಿಡಬೇಕೆ? ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಪ್ರತಿಯೊಂದು ಕುಟುಂಬವೂ ವಿಚಾರಿಸಬೇಕಾದ ಪ್ರಶ್ನೆ ಇದು.

ದಾನದಿಂದ ಹಕ್ಕಿಗೆ

ವಿದ್ಯಾರ್ಥಿವೇತನವು ಒಬ್ಬ ವ್ಯಕ್ತಿಯ ಬಾಳನ್ನೂ ಒಂದು ದೇಶದ ಇತಿಹಾಸವನ್ನೂ ಹೇಗೆ ತಿರುಗಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೧೩ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಸಂಸ್ಥಾನವು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವಿದ್ಯಾರ್ಥಿವೇತನವನ್ನು ಕೊಟ್ಟು ಒಬ್ಬ ತರುಣನನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತು. ಆ ತರುಣನೇ ಮುಂದೆ ನಮ್ಮ ಸಂವಿಧಾನದ ಕರಡನ್ನು ಸಿದ್ಧಗೊಳಿಸಿದ ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಬಿ. ಆರ್. ಅಂಬೇಡ್ಕರ್.

ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ಯುಲೇಷನ್ ನಂತರದ ಓದಿಗೆ ಕೇಂದ್ರ ಸರ್ಕಾರ ನೀಡುವ ವೇತನವು ೧೯೪೪ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ ಆರಂಭವಾಯಿತು. ಇಂದಿಗೂ ಅದು ನಡೆದು ಬಂದಿದೆ. ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಐದು ವರ್ಷಗಳಲ್ಲಿ ನಾಲ್ಕು ಕೋಟಿ ವಿದ್ಯಾರ್ಥಿಗಳಿಗೆ ನೆರವಾಗಲೆಂದು ೫೯,೦೪೮ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಇದರಲ್ಲಿ ನೂರಕ್ಕೆ ಅರವತ್ತು ಪಾಲು ಕೇಂದ್ರದ್ದು, ಉಳಿದುದು ರಾಜ್ಯಗಳದ್ದು. ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿಗಿಂತ ಹೆಚ್ಚು ವರಮಾನವಿಲ್ಲದ ಕುಟುಂಬದ ಮಕ್ಕಳಿಗೆ ಈ ನೆರವು ಮೀಸಲು.

ನಮ್ಮ ರಾಜ್ಯದಲ್ಲಿಯೂ ಏರ್ಪಾಟುಗಳಿಗೆ ಕೊರತೆಯಿಲ್ಲ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ತಿಂಗಳಿಗೆ ೧,೫೦೦ ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಊಟ ವಸತಿಯ ವೆಚ್ಚ ಕೊಡುವ ಏರ್ಪಾಟಿನೊಂದಿಗೆ ವಿದ್ಯಾಸಿರಿ ಯೋಜನೆ ಬಂದಿತು. ೨೦೨೧ರಲ್ಲಿ ರೈತ ವಿದ್ಯಾನಿಧಿ ಆರಂಭವಾದಾಗ, ರೈತರ ಮಕ್ಕಳಿಗೆ ಓದಿನ ಮಟ್ಟವನ್ನನುಸರಿಸಿ ವರ್ಷಕ್ಕೆ ೨,೫೦೦ರಿಂದ ೧೧,೦೦೦ ರೂಪಾಯಿಗಳವರೆಗೆ ಗೊತ್ತುಪಡಿಸಲಾಗಿತ್ತು. ಸಾಲ ಮಾಡಿ ಓದುವವರಿಗಾಗಿ ೨೦೨೪ರ ನವೆಂಬರಿನಲ್ಲಿ ಕೇಂದ್ರವು ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ಮಂಜೂರು ಮಾಡಿತು. ಆಯ್ದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಸ್ಥಳ ಪಡೆದವರು ಆಸ್ತಿಯ ಅಡಮಾನವಿಲ್ಲದೆ, ಜಾಮೀನುದಾರನಿಲ್ಲದೆ ಸಾಲ ಪಡೆಯಬಹುದು. ಎಂಟು ಲಕ್ಷ ರೂಪಾಯಿವರೆಗೆ ವರಮಾನವುಳ್ಳ ಕುಟುಂಬಗಳಿಗೆ ಬಡ್ಡಿಯಲ್ಲಿಯೂ ರಿಯಾಯಿತಿಯುಂಟು. ಆದುದರಿಂದ ಇದು ಕಡುಬಡವರ ಮಾತು ಮಾತ್ರವಲ್ಲ. ಸಂಬಳವನ್ನೇ ನಂಬಿದ ಮಧ್ಯಮವರ್ಗದ ಮನೆಗೂ ಸೇರಿದ ಮಾತು.

ಹೀಗೆ ದಾನವು ಹಕ್ಕಾಯಿತು. ಹಕ್ಕಾದುದನ್ನು ಪಡೆಯಲು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಅರ್ಜಿಯನ್ನು ತುಂಬಬೇಕು.

ಒಂದು ಅರ್ಜಿಯ ಒಡಲು

ಆ ಅರ್ಜಿಯಲ್ಲಿ ಏನೇನಿರುತ್ತದೆಂಬುದನ್ನು ವಾಚಕರು ಒಮ್ಮೆ ಗಮನಿಸಬೇಕು. ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನ, ಭಾವಚಿತ್ರ, ಮೊಬೈಲ್ ಸಂಖ್ಯೆ, ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ, ತಂದೆತಾಯಿಗಳ ಹೆಸರು, ಉದ್ಯೋಗ, ವರಮಾನ, ಜಾತಿ, ಮತ, ಪಡಿತರ ಚೀಟಿ, ಬ್ಯಾಂಕಿನ ಖಾತೆ, ಹಿಂದಿನ ಪರೀಕ್ಷೆಗಳ ಅಂಕಗಳು, ಅಂಗವೈಕಲ್ಯವಿದ್ದರೆ ಅದರ ಪ್ರಮಾಣ, ತಂದೆಯಿಲ್ಲದಿದ್ದರೆ ಅದಕ್ಕೂ ಒಂದು ಪತ್ರ. ನೆರೆಮನೆಯವರಿಗೆ, ಒಡಹುಟ್ಟಿದವರಿಗೆ ಕೂಡ ಹೇಳದ ಸಂಗತಿಗಳನ್ನು ಹದಿನೇಳು ವರ್ಷದ ಹುಡುಗಿಯೊಬ್ಬಳು ಒಂದೇ ಹಾಳೆಯ ಮೇಲೆ ಬರೆದುಕೊಡುತ್ತಾಳೆ.

ಇವುಗಳಲ್ಲಿ ಹಲವನ್ನು ಕೇಳುವುದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಬೊಕ್ಕಸದ ಹಣ ಉಳ್ಳವರ ಪಾಲಾಗಬಾರದಷ್ಟೆ. ವರಮಾನ ಇಷ್ಟೆಂದು ತಿಳಿಯದೆ ಯಾವ ಅಧಿಕಾರಿಯೂ ಹಣ ಮಂಜೂರು ಮಾಡಲಾರನು. ಪ್ರಶ್ನೆಯಿರುವುದು ಆ ಹಾಳೆ ಮುಂದೆ ಹಿಡಿಯುವ ದಾರಿಯ ವಿಷಯದಲ್ಲಿ.

ಕಾಲೇಜಿನ ಅಧ್ಯಾಪಕರಿಗೆ ಈ ದಾರಿ ಚೆನ್ನಾಗಿ ಪರಿಚಿತ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಿದೆ, ಕೇಂದ್ರದ್ದು ಇನ್ನೊಂದಿದೆ. ಮನೆಯಲ್ಲಿ ಗಣಕಯಂತ್ರವಿಲ್ಲದ ವಿದ್ಯಾರ್ಥಿ ಬಸ್ ನಿಲ್ದಾಣದ ಪಕ್ಕದ ಸೈಬರ್ ಕೇಂದ್ರಕ್ಕೆ ಹೋಗುತ್ತಾನೆ. ಅಲ್ಲಿಯ ಹುಡುಗನು ಎಲ್ಲ ಕಾಗದಗಳನ್ನೂ ಸ್ಕ್ಯಾನ್ ಮಾಡಿ ತನ್ನ ಯಂತ್ರದಲ್ಲಿಟ್ಟುಕೊಳ್ಳುತ್ತಾನೆ. ಗುಪ್ತಪದವನ್ನು ತಾನೇ ರಚಿಸಿ ಒಂದು ಚೀಟಿಯಲ್ಲಿ ಬರೆದುಕೊಡುತ್ತಾನೆ. ಮೊಬೈಲಿಗೆ ಬಂದ ಓಟಿಪಿಯನ್ನು ಗಟ್ಟಿಯಾಗಿ ಕೇಳಿ ತುಂಬುತ್ತಾನೆ. ಅವನ ಸಹಾಯವಿಲ್ಲದೆ ಎಷ್ಟೋ ಮಕ್ಕಳ ಅರ್ಜಿ ಮುಟ್ಟುವುದೇ ಇಲ್ಲವೆಂಬುದೂ ನಿಜ. ಆದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಂಥ ಎಷ್ಟೋ ಮನೆಗಳ ಗುಟ್ಟು ಅವನ ಯಂತ್ರದಲ್ಲಿ ಉಳಿದಿರುತ್ತದೆ. ಅಲ್ಲಿಂದ ಜೆರಾಕ್ಸ್ ಪ್ರತಿಗಳು ಕಾಲೇಜಿನ ಗುಮಾಸ್ತರ ಮೇಜಿಗೆ, ಮೇಜಿನಿಂದ ಬೀರುವಿಗೆ, ಬೀರು ತುಂಬಿದಾಗ ಹಳೆಯ ಕಾಗದದ ಮೂಟೆಗೆ! ಆ ಮೂಟೆಯಿಂದ ಹೊರಟ ಹಾಳೆಯಲ್ಲಿ ಯಾರು ಕಡಲೆಕಾಯಿ ಕಟ್ಟಿಕೊಡುವರೋ ಬಲ್ಲವರಾರು?

ಗುಟ್ಟು ಸೋರುವ ತೂತುಗಳು

ಇದಕ್ಕಿಂತಲೂ ನೇರವಾದ ತೂತುಗಳಿವೆ. ವೇತನ ಮಂಜೂರಾದವರ ಪಟ್ಟಿಯನ್ನು ಹೆಸರು, ಜಾತಿ, ಖಾತೆಯ ಸಂಖ್ಯೆಗಳ ಸಮೇತ ನೋಟೀಸು ಬೋರ್ಡಿಗೆ ಅಂಟಿಸುವ ರೂಢಿ ಕೆಲವು ಕಾಲೇಜುಗಳಲ್ಲಿ ಬಹುಕಾಲದಿಂದ ಇದೆ. ಈಗ ಆ ಬೋರ್ಡು ತರಗತಿಯ ವಾಟ್ಸ್ಯಾಪ್ ಗುಂಪಾಗಿದೆ. ಗೋಡೆಯ ಮೇಲಿನ ಪಟ್ಟಿ ಮಳೆ ಬಂದರೆ ಅಳಿಸಿಹೋಗುತ್ತಿತ್ತು. ಗುಂಪಿಗೆ ಹಾಕಿದ ಪಟ್ಟಿ ಕ್ಷಣದಲ್ಲಿ ನೂರು ಮೊಬೈಲುಗಳನ್ನು ಸೇರುತ್ತದೆ, ಮತ್ತೆ ಅಳಿಯುವುದಿಲ್ಲ. ಇನ್ನು ದಾನಿಗಳ ಸಮಾರಂಭಗಳು. ವೇದಿಕೆಯ ಮೇಲೆ ಹಣ್ಣಿನ ತಟ್ಟೆ, ಶಾಲು, ಚೆಕ್ಕು. ಪಕ್ಕದಲ್ಲಿ ‘ಬಡ ವಿದ್ಯಾರ್ಥಿಗಳಿಗೆ ಸಹಾಯಧನ’ ಎಂಬ ಫಲಕ. ಅದರ ಕೆಳಗೆ ತಲೆ ತಗ್ಗಿಸಿ ನಿಂತ ಮಕ್ಕಳ ಸಾಲು. ಮರುದಿನದ ಪತ್ರಿಕೆಯಲ್ಲಿ ಚಿತ್ರ. ‘ಮಂಗಳವಾರದ ಹುಡುಗ’ನನ್ನು ಬೆರಳು ಮಾಡಿ ತೋರಿಸಿದ ಯಜಮಾನರಿಗೂ ಇದಕ್ಕೂ ಏನು ವ್ಯತ್ಯಾಸ?

“ಇದರಲ್ಲಿ ನಾಚಿಕೆಯೇಕೆ? ಬಡತನ ತಪ್ಪೇ?” ಎಂದು ಕೆಲವರು ಕೇಳುತ್ತಾರೆ. ಬಡತನ ತಪ್ಪಲ್ಲ. ಆದರೆ ಹದಿನೇಳರ ಹರೆಯದವರು ಜೊತೆಯವರ ಕಣ್ಣಿನಲ್ಲಿ ಹೇಗೆ ಕಾಣುತ್ತೇವೆಂಬುದನ್ನು ಊಟಕ್ಕಿಂತ ಹೆಚ್ಚಾಗಿ ಬಗೆಯುತ್ತಾರೆ. ಜಾತಿಯ ಹೆಸರು ಬಹಿರಂಗವಾದೊಡನೆ ಕುಳಿತುಕೊಳ್ಳುವ ಬೆಂಚು, ಊಟದ ಡಬ್ಬಿಯ ಹಂಚಿಕೆ, ಕರೆಯುವ ಅಡ್ಡಹೆಸರು ಎಲ್ಲವೂ ಬದಲಾಗುವುದನ್ನು ಕಂಡವರಿದ್ದಾರೆ. ವೇತನಕ್ಕೆ ಅರ್ಹರಾಗಿದ್ದೂ ಅರ್ಜಿ ಹಾಕದವರನ್ನು ಏಕೆಂದು ಕೇಳಿದರೆ, “ಪಟ್ಟಿಯಲ್ಲಿ ಹೆಸರು ಬರುತ್ತದಲ್ಲ ಸಾರ್” ಎಂಬ ಉತ್ತರ ಮೆಲ್ಲನೆ ಹೊರಡುತ್ತದೆ. ಗುಟ್ಟು ಕಾಯದ ಕಾಲೇಜಿನಲ್ಲಿ ನೆರವಿನ ಬಾಗಿಲು ತೆರೆದಿದ್ದರೂ ಒಳಗೆ ಬರುವವರು ಕಡಮೆ. ಮರ್ಯಾದೆಯೂ ನೆರವೂ ಬೇರೆ ಬೇರೆ ವಿಷಯಗಳಲ್ಲವೆಂಬುದಕ್ಕೆ ಇದು ಮೊದಲನೆಯ ಸಾಕ್ಷಿ.

ತೂತುಗಳು ಕಾಲೇಜಿನಲ್ಲಿ ಮಾತ್ರವೇ ಇಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ‘ದೀಕ್ಷಾ’ ಎಂಬ ಕಲಿಕೆಯ ಆ್ಯಪ್ ಕೊರೊನಾ ಕಾಲದಲ್ಲಿ ಕೋಟ್ಯಂತರ ಮಕ್ಕಳನ್ನು ತಲಪಿತು. ಅದರ ಕಡತಗಳಲ್ಲಿ ಕೆಲವು ಬೀಗವಿಲ್ಲದ ಉಗ್ರಾಣದಲ್ಲಿ ಒಂದು ವರ್ಷಕ್ಕೂ ಮೀರಿ ಬಿದ್ದಿದ್ದು, ಹತ್ತು ಲಕ್ಷಕ್ಕೂ ಹೆಚ್ಚು ಉಪಾಧ್ಯಾಯರ ಹಾಗೂ ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಬಯಲಾಗಿದ್ದುವೆಂದು ೨೦೨೩ರ ಜನವರಿಯಲ್ಲಿ ವರದಿಯಾಯಿತು. ಯಾರೂ ಬೀಗ ಒಡೆದಿರಲಿಲ್ಲ. ಬೀಗವನ್ನು ಹಾಕಿಯೇ ಇರಲಿಲ್ಲ.

ಗುಟ್ಟನ್ನು ಕದ್ದವನು ಹಣವನ್ನೂ ಕದ್ದನು

ಗುಟ್ಟು ಬಯಲಾದರೆ ನಾಚಿಕೆಯೊಂದೇ ನಷ್ಟವೆಂದು ಭಾವಿಸಬಾರದು. ಹಣವೂ ಹೋಗುತ್ತದೆ. ಈಚಿನ ವರ್ಷಗಳ ಮೂರು ಪ್ರಕರಣಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ.

ಹಿಮಾಚಲ ಪ್ರದೇಶದಲ್ಲಿ ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳ ಮಕ್ಕಳಿಗೆ ಬಂದ ವಿದ್ಯಾರ್ಥಿವೇತನದಲ್ಲಿ ೨೫೦ ಕೋಟಿ ರೂಪಾಯಿಗೂ ಮೀರಿ ಅವ್ಯವಹಾರವಾಗಿದೆಯೆಂಬ ಆಪಾದನೆಯ ಮೇಲೆ ಸಿಬಿಐ ೨೦೧೯ರಲ್ಲಿ ಮೊಕದ್ದಮೆ ಹೂಡಿತು. ಪ್ರವೇಶಕ್ಕೆಂದು ಮಕ್ಕಳು ಕೊಟ್ಟ ಕಾಗದಪತ್ರಗಳನ್ನು ಬಳಸಿ, ಅವರಿಗೆ ತಿಳಿಯದಂತೆ ಬ್ಯಾಂಕ್ ಖಾತೆಗಳನ್ನು ತೆರೆದು ಹಣವನ್ನು ಎತ್ತಿಕೊಳ್ಳಲಾಯಿತೆಂಬುದು ದೂರು. ೨೦೨೦ರ ಕೊನೆಯಲ್ಲಿ ಝಾರ್ಖಂಡದಿಂದ ಇನ್ನೊಂದು ಸುದ್ದಿ ಬಂದಿತು. ಅಲ್ಪಸಂಖ್ಯಾತರ ಮಕ್ಕಳ ವೇತನಕ್ಕೆ ದಲ್ಲಾಳಿಗಳು ಹಳ್ಳಿಗರ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಪಡೆದು, ಮನೆಯಿಂದ ಶಾಲೆಗೆ ಹೋಗುವ ಮಕ್ಕಳನ್ನು ವಿದ್ಯಾರ್ಥಿನಿಲಯದಲ್ಲಿರುವರೆಂದು ತೋರಿಸಿ, ೧೦,೭೦೦ ರೂಪಾಯಿಯ ವೇತನ ಮಂಜೂರು ಮಾಡಿಸಿದರು. ಮಕ್ಕಳ ಕೈಗೆ ಒಂದು ಪಾಲನ್ನು ಕೊಟ್ಟು ಉಳಿದುದನ್ನು ತಾವು ನುಂಗಿದರು. ಮುಂದೆ ಕೇಂದ್ರದ ಅಲ್ಪಸಂಖ್ಯಾತರ ಸಚಿವಾಲಯವು ೧,೫೭೨ ವಿದ್ಯಾಸಂಸ್ಥೆಗಳನ್ನು ಪರಿಶೀಲಿಸಿದಾಗ ೮೩೦ ಸಂಸ್ಥೆಗಳು ಪೂರ್ಣವಾಗಿ ಅಥವಾ ಭಾಗಶಃ ನಕಲಿ, ಇಲ್ಲವೆ ನಡೆಯದೆ ನಿಂತುಹೋದವು ಎಂದು ಕಂಡುಬಂದಿತು. ೧೪೪ ಕೋಟಿ ರೂಪಾಯಿಗೂ ಮೀರಿದ ನಷ್ಟದ ಈ ಪ್ರಕರಣ ೨೦೨೩ರಲ್ಲಿ ಸಿಬಿಐಗೆ ಹೋಯಿತು.

ಈ ಮೂರರಲ್ಲಿಯೂ ಕಳ್ಳನಿಗೆ ಬೇಕಾದ ಬಂಡವಾಳ ಒಂದೇ: ಬಡ ಮಗುವೊಂದರ ಹೆಸರು, ಸಂಖ್ಯೆ, ಕಾಗದಗಳು. ಅವು ಕೈಗೆ ಸಿಕ್ಕಿದರೆ ಆ ಮಗುವಿನ ಬಡತನವನ್ನೇ ಮಾರಿ ದುಡ್ಡು ಮಾಡಬಹುದು. ನಿಜವಾದ ಮಗು ಅರ್ಜಿ ಹಾಕಲು ಬಂದಾಗ, “ನಿನ್ನ ಹೆಸರಿನಲ್ಲಿ ಈಗಾಗಲೇ ವೇತನ ಹೋಗಿದೆ” ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ. ಆದುದರಿಂದ ವಿವರಗಳನ್ನು ಕಾಯುವುದೆಂದರೆ ವೇತನವನ್ನೇ ಕಾಯುವುದು. ನೆರವು ಬೇಕಾದರೆ ಗುಟ್ಟಿನ ಮಾತು ಬಿಡಬೇಕು, ಗುಟ್ಟು ಬೇಕಾದರೆ ನೆರವನ್ನು ಬಿಡಬೇಕು ಎಂಬ ವಾದ ಹುಸಿ. ಎರಡು ಪೆಟ್ಟಿಗೆಗಳಿಗೂ ಇರುವುದು ಒಂದೇ ಬೀಗ.

ಒಬ್ಬ ವೃದ್ಧ ನ್ಯಾಯಮೂರ್ತಿಯ ಮೊಕದ್ದಮೆ

ಈ ಬೀಗದ ಕೀಲಿಕೈಯನ್ನು ದೇಶಕ್ಕೆ ದೊರಕಿಸಿದವರು ಕನ್ನಡ ನಾಡಿನವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಏರ್ಪಾಟನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಜನರು ಮೊಮ್ಮಕ್ಕಳನ್ನಾಡಿಸುವ ವಯಸ್ಸದು! ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು, ಖಾಸಗಿತನವು ಪ್ರತಿಯೊಬ್ಬ ನಾಗರಿಕನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ತೀರ್ಪು ಇಂದು ಪುಟ್ಟಸ್ವಾಮಿಯವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವರು ೨೦೨೪ರ ಅಕ್ಟೋಬರಿನಲ್ಲಿ, ತೊಂಬತ್ತೆಂಟು ವರ್ಷಗಳ ತುಂಬುಬಾಳನ್ನು ಮುಗಿಸಿದರು.

೨೦೧೮ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವು ಬಹುಮತದಿಂದ ಆಧಾರ್ ಕಾನೂನಿನ ಬಹುಭಾಗವನ್ನು ಎತ್ತಿಹಿಡಿಯಿತು. ಸರ್ಕಾರದ ನೆರವಿನ ಯೋಜನೆಗಳಿಗೆ ಆಧಾರ್ ಕೇಳಬಹುದೆಂದಿತು. ಆದರೆ ವಿದ್ಯಾರ್ಥಿಗಳ ವಿಷಯದಲ್ಲಿ ಅದು ಹೇಳಿದ ಮಾತುಗಳನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ. ಸಿಬಿಎಸ್‌ಇ, ನೀಟ್, ಯುಜಿಸಿ ಪರೀಕ್ಷೆಗಳಿಗೂ ಅದನ್ನು ಕಡ್ಡಾಯ ಮಾಡುವಂತಿಲ್ಲ. ಆಧಾರ್ ಸಂಖ್ಯೆಯನ್ನು ಒದಗಿಸಲಾಗಲಿಲ್ಲವೆಂಬ ಕಾರಣದಿಂದ ಯಾವ ಮಗುವಿಗೂ ಯೋಜನೆಯ ಫಲವನ್ನು ನಿರಾಕರಿಸಕೂಡದು. ಬೇರೆ ದಾಖಲೆಯಿಂದ ಗುರುತನ್ನು ನಿಶ್ಚಯಿಸಿಕೊಂಡು ಕೊಡಬೇಕು.

ಆಧಾರ್ ಕಾನೂನೇ ಆ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ನಿಷೇಧಿಸಿದೆ. ಪದವಿಪತ್ರಗಳ ಮೇಲೆ ಪೂರ್ಣ ಆಧಾರ್ ಸಂಖ್ಯೆಯನ್ನು ಮುದ್ರಿಸಬಾರದೆಂದು ಯುಜಿಸಿ ೨೦೨೩ರ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು ಬಂದಿತು. ಹದಿನೆಂಟು ತುಂಬದವರ ವಿವರ ಪಡೆಯಲು ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಿಟ್ಟು ಜಾಹೀರಾತು ಮಾಡಬಾರದು. ವಿವರಗಳನ್ನು ಭದ್ರವಾಗಿಡದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ನೆರವು ನೀಡುವ ಸರ್ಕಾರವು ಎಲ್ಲ ಸಂದರ್ಭಗಳಲ್ಲಿಯೂ ಹೊಸದಾಗಿ ಒಪ್ಪಿಗೆ ಕೇಳಬೇಕಾಗಿಲ್ಲವೆಂಬ ರಿಯಾಯಿತಿ ಈ ಕಾನೂನಿನಲ್ಲಿದೆ. ಆದರೂ ಅಗತ್ಯವಾದಷ್ಟೇ ವಿವರ, ಅಗತ್ಯವಾದಷ್ಟೇ ಕಾಲ ಇಟ್ಟುಕೊಳ್ಳಬೇಕೆಂಬ ಕಟ್ಟು ಸರ್ಕಾರಕ್ಕೂ ಉಂಟು.

ಬಾಗಿಲು ಸುಲಭವಾಗಿ ತೆರೆಯಲಿ

ಗುಟ್ಟನ್ನು ಕಾಯ್ದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಅರ್ಜಿಯ ಹಾದಿಯಲ್ಲಿ ಮುಳ್ಳುಗಳಿವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದಿದೆ, ಆಧಾರಿನಲ್ಲಿ ಹಿಂದಿದೆ. ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ ಮನುಷ್ಯರು. ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ, ಅನಂತರ ಬೇರೊಂದು ಬ್ಯಾಂಕಿನಲ್ಲಿ ಜೋಡಿಸಿದ್ದರೆ ಹಣ ಆ ಕೊನೆಯ ಖಾತೆಗೇ ಹೋಗುತ್ತದೆ. ಹುಡುಗನು ಹಳೆಯ ಪಾಸ್‌ಬುಕ್ಕನ್ನು ತಿರುವಿ ತಿರುವಿ ನೋಡುತ್ತಾನೆ. ತಂದೆಯ ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಓಟಿಪಿ ಬರುವುದು ಈಗ ಆ ಸಂಖ್ಯೆಯನ್ನು ಪಡೆದಿರುವ ಅಪರಿಚಿತನಿಗೆ. ಇವೆಲ್ಲವೂ ಸಣ್ಣ ತೊಡಕುಗಳೇ. ಆದರೆ ಕೂಲಿ ಬಿಟ್ಟು ಮೂರು ಸಲ ಪೇಟೆಗೆ ಬರಬೇಕಾದ ತಂದೆಗೆ ಅವು ಸಣ್ಣವಲ್ಲ.

ಕೆಲವು ಒಳ್ಳೆಯ ಸುಧಾರಣೆಗಳೂ ಆಗಿವೆ. ನಮ್ಮ ರಾಜ್ಯದಲ್ಲಿ ನಾಡಕಚೇರಿಯಿಂದ ಪಡೆದ ಜಾತಿ ಹಾಗೂ ವರಮಾನದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ಸಾಕು. ಜಾಲತಾಣವೇ ವಿವರವನ್ನು ತರಿಸಿಕೊಳ್ಳುತ್ತದೆ. ಇದರ ಲಾಭ ಇಬ್ಬಗೆಯದು. ವಿದ್ಯಾರ್ಥಿಯ ಅಲೆದಾಟ ತಪ್ಪುತ್ತದೆ. ಕಾಗದದ ಪ್ರತಿಗಳು ಹತ್ತು ಕೈ ದಾಟುವುದೂ ತಪ್ಪುತ್ತದೆ. ಹೀಗೆ ಸೌಲಭ್ಯವೂ ಗೋಪ್ಯವೂ ಒಟ್ಟಿಗೆ ಬೆಳೆಯಬಲ್ಲವು.

ಆದರೆ ಯಂತ್ರವನ್ನೇ ನಂಬಿ ಕುಳಿತರೆ ಆಗುವ ಅಪಾಯಕ್ಕೆ ಅಮೆರಿಕದ ಅನುಭವ ಪಾಠವಾಗಿದೆ. ಅಲ್ಲಿ ಕಾಲೇಜು ನೆರವಿನ ಅರ್ಜಿಯಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದುವು. ೨೦೨೦ರ ಕಾನೂನೊಂದು ಅದನ್ನು ಮೊಟಕುಗೊಳಿಸಿತು. ಕುಟುಂಬದ ಒಪ್ಪಿಗೆ ಪಡೆದು ವರಮಾನದ ವಿವರವನ್ನು ತೆರಿಗೆ ಇಲಾಖೆಯಿಂದಲೇ ತರಿಸಿಕೊಳ್ಳುವ ವಿಧಾನವೂ ಬಂದಿತು. ಉದ್ದೇಶ ಸ್ತುತ್ಯವಾದುದು. ಆದರೆ ೨೦೨೩ರ ಡಿಸೆಂಬರ್ ಕೊನೆಗೆ ತಡವಾಗಿ ಹೊರಬಂದ ಹೊಸ ಅರ್ಜಿ ದೋಷಗಳಿಂದ ತುಂಬಿತ್ತು. ತಂದೆತಾಯಿಗಳಿಗೆ ಸೋಷಲ್ ಸೆಕ್ಯುರಿಟಿ ಸಂಖ್ಯೆಯಿಲ್ಲದ ಮಕ್ಕಳು ತಿಂಗಳುಗಟ್ಟಲೆ ಅರ್ಜಿಯನ್ನು ಮುಗಿಸಲಾರದೆ ಕಂಗೆಟ್ಟರು. ಎಲ್ಲರಿಗೂ ಸುಲಭವಾಗಲೆಂದು ಕಟ್ಟಿದ ಬಾಗಿಲು ಹೆಚ್ಚು ಕಷ್ಟದಲ್ಲಿದ್ದವರಿಗೇ ಮುಚ್ಚಿಕೊಂಡಿತು. ಯಂತ್ರವು ಒಲ್ಲೆನೆಂದಾಗ ಕೇಳಿಕೊಳ್ಳಲು ಒಬ್ಬ ಮನುಷ್ಯನು ಇರಲೇಬೇಕು.

ಆ ಮನುಷ್ಯನು ಕಾಲೇಜಿನಲ್ಲಿರಬೇಕು. ಅರ್ಜಿಯ ಕಾಲದಲ್ಲಿ ಗಣಕಯಂತ್ರದ ಕೊಠಡಿಯನ್ನು ಸಂಜೆ ಎರಡು ಗಂಟೆ ತೆರೆದಿಟ್ಟು, ಒಬ್ಬ ಅಧ್ಯಾಪಕರನ್ನೋ ಗುಮಾಸ್ತರನ್ನೋ ಅಲ್ಲಿ ಕೂರಿಸಿದರೆ ಸೈಬರ್ ಕೇಂದ್ರದ ಖರ್ಚೂ ಅಪಾಯವೂ ಎರಡೂ ತಪ್ಪುತ್ತವೆ. ಮಂಜೂರಾತಿಯ ಸುದ್ದಿಯನ್ನು ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಿಳಿಸಬೇಕು; ಪಟ್ಟಿ ಹಾಕಲೇಬೇಕಾದರೆ ಅರ್ಜಿಯ ಸಂಖ್ಯೆ ಮಾತ್ರ ಇರಲಿ. ಕೆಲಸ ಮುಗಿದ ಪ್ರತಿಗಳನ್ನು ರದ್ದಿಗೆ ಹಾಕದೆ ಹರಿದು ನಾಶ ಮಾಡಬೇಕು. ದಾನಿಗಳು ಚೆಕ್ಕನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು ಚಿತ್ರ ತೆಗೆಸಿಕೊಳ್ಳಲಿ. ಮಕ್ಕಳನ್ನು ವೇದಿಕೆಗೆ ಕರೆಯುವುದು ಬೇಡ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ, ಹೆಚ್ಚಿನ ಹಣವೂ ಬೇಕಾಗಿಲ್ಲ.

ಮನೆಯವರು ತಿಳಿದಿರಬೇಕಾದುದು

ಇನ್ನು ಮನೆಯಲ್ಲಿ ಮಾಡಬಹುದಾದ ಕೆಲವು ಮಾತುಗಳು. ಕಾಲೇಜಿನ ಬಾಗಿಲು ತೆರೆಯುವ ಮೊದಲೇ, ಬೇಸಿಗೆಯ ರಜೆಯಲ್ಲಿಯೇ, ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ಆಗಿದೆಯೆ ಎಂದು ನೋಡಿ ಸರಿಪಡಿಸಿಕೊಳ್ಳಿರಿ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೆಂಬುದನ್ನು ಬ್ಯಾಂಕಿನಲ್ಲಿಯಾಗಲಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯಾಗಲಿ ವಿಚಾರಿಸಿರಿ. ಜಾತಿ ಮತ್ತು ವರಮಾನದ ಪತ್ರದ ಅವಧಿ ಮುಗಿದಿದ್ದರೆ ಹೊಸದನ್ನು ಪಡೆಯಿರಿ.

ಪೂರ್ಣ ಸಂಖ್ಯೆ ಬೇಕಾಗಿಲ್ಲದ ಕಡೆ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ, ಉಳಿದುದನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಕೊಡಬಹುದು. ಇದನ್ನು ಪ್ರಾಧಿಕಾರವೇ ಒದಗಿಸುತ್ತದೆ. ೨೦೨೨ರ ಮೇ ತಿಂಗಳಿನಲ್ಲಿ ಅದರ ಬೆಂಗಳೂರಿನ ಕಚೇರಿ, ಕಂಡಕಂಡವರಿಗೆ ಆಧಾರ್ ನಕಲನ್ನು ಕೊಡಬೇಡಿರೆಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಗೊಂಡರು, ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡು, ಸಾಧಾರಣ ವಿವೇಚನೆಯಿಂದ ನಡೆದುಕೊಂಡರೆ ಸಾಕೆಂದಿತು. ಪ್ರಕಟಣೆ ಹೋದರೂ ಅದರೊಳಗಿನ ಬುದ್ಧಿವಾದಕ್ಕೆ ಊನವಿಲ್ಲ. ನಕಲು ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ, ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿರಿ. ಸೈಬರ್ ಕೇಂದ್ರಕ್ಕೆ ಹೋದರೆ ಗುಪ್ತಪದವನ್ನು ಮಗುವೇ ತುಂಬಲಿ, ಕಡತಗಳನ್ನು ಯಂತ್ರದಿಂದ ಅಳಿಸಿಯೇ ಎದ್ದು ಬರಲಿ.

“ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಓಟಿಪಿ ಹೇಳಿ” ಎಂದೋ, “ಸಂಸ್ಕರಣ ಶುಲ್ಕ ಕಟ್ಟಿ” ಎಂದೋ ಕರೆ ಬಂದರೆ ಅದು ಮೋಸವೆಂದೇ ತಿಳಿಯಿರಿ. ವೇತನ ಕೊಡುವವರು ಮೊದಲು ಹಣ ಕೇಳುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ದೂರು ಕೊಡಿರಿ. ಆಧಾರಿನ ತೊಡಕಿನಿಂದ ಅರ್ಜಿ ತಿರಸ್ಕೃತವಾದರೆ ಸುಮ್ಮನಾಗದೆ, ಬೇರೆ ದಾಖಲೆಯನ್ನು ಒಪ್ಪಿಕೊಳ್ಳಬೇಕೆಂದು ಲಿಖಿತವಾಗಿ ಕೇಳಿರಿ. ಕೇಳುವುದು ಕೃಪೆಯಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳಿಗೆ ಒಂದು ಮಾತನ್ನು ಹೇಳಿಕೊಡಬೇಕು. ನೆರವು ಪಡೆಯುವುದು ನಾಚಿಕೆಯಲ್ಲ. ನೆರವು ಪಡೆದ ಸಂಗತಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಅವರದ್ದೇ. ಇಷ್ಟು ಹಣ ಮಂಜೂರಾಯಿತು, ಇಷ್ಟು ಮಂದಿಗೆ ಸಂದಿತು ಎಂಬ ಲೆಕ್ಕಗಳು ಪ್ರತಿವರ್ಷವೂ ಪ್ರಕಟವಾಗುತ್ತವೆ. ಪಟ್ಟಿಗೆ ಅಂಜಿ ಅರ್ಜಿಯನ್ನೇ ಹಾಕದೆ, ದ್ವಿತೀಯ ವರ್ಷಕ್ಕೆ ಬರದೆ ಹೋದ ಮಕ್ಕಳ ಲೆಕ್ಕ ಯಾವ ಕಡತದಲ್ಲಿಯೂ ಇರುವುದಿಲ್ಲ. ಅದು ಗೊತ್ತಾಗುವುದು ಹಾಜರಿ ಕೂಗುವ ಅಧ್ಯಾಪಕನಿಗೆ ಮಾತ್ರ: ಹೆಸರು ಕೂಗುತ್ತಾನೆ, ಉತ್ತರ ಬರುವುದಿಲ್ಲ.